ಹಾಲಿನ ಗಂಟಿಗೆ ಎರಡು ವಾರ

ಏಳನೆಯ ತಿಂಗಳಲ್ಲಿ ಕುಬಸ ಮುಗಿಸಿ ತವರಿಗೆ ಬಂದ ಮಗಳು ಸ್ನಾನದ ಹೊತ್ತಿನಲ್ಲಿ ಅವ್ವನ ಮುಂದೆ ಮೆಲ್ಲಗೆ ಹೇಳುತ್ತಾಳೆ: ಎದೆಯಲ್ಲಿ ಏನೋ ಗಂಟು ಕೈಗೆ ಹತ್ತುತ್ತಿದೆ. ಅವ್ವ ಮುಟ್ಟಿ ನೋಡಿ ಸಮಾಧಾನ ಮಾಡುತ್ತಾಳೆ: "ಹಾಲಿನ ಗಂಟದ ಅದು. ಕೂಸು ಬಾಯಿ ಹಚ್ಚಿದ್ರ ತಾನಾ ಕರಗ್ತದ." ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮನೆಗಳಲ್ಲಿ ತಲೆತಲಾಂತರದಿಂದ ಬಂದ ಮಾತಿದು. ಬಹಳ ಸಲ ನಿಜವೂ ಹೌದು. ಬಸಿರಿನಲ್ಲಿ, ಹಾಲೂಡಿಸುವ ದಿನಗಳಲ್ಲಿ ಎದೆಯ ಗಂಟಿನಿಂದ ಚೂರು ತೆಗೆದು ಪರೀಕ್ಷಿಸಿದಾಗ ಸುಮಾರು ಶೇ 80ರಷ್ಟು ಗಂಟುಗಳು ನಿರಪಾಯಕಾರಿ ಎಂದೇ ತಿಳಿದುಬರುತ್ತದೆ.

ಉಳಿದ ಶೇ 20ರ ಬಗ್ಗೆ ಇವತ್ತು ಬರೆಯಬೇಕಿದೆ. ಹಾಲಿನ ಗಂಟು ಎಂದುಕೊಂಡು ಹೆರಿಗೆಯ ತನಕ, ಹೆರಿಗೆಯಾದ ಮೇಲೆ ಬಾಣಂತನ ಮುಗಿಯುವ ತನಕ, ಆಮೇಲೆ ಕೂಸು ಹಾಲು ಬಿಡುವ ತನಕ ಕಾದವಳು ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ಗಂಟು ಎದೆ ಬಿಟ್ಟು ಕಂಕುಳಿಗೆ ಇಳಿದಿರುತ್ತದೆ. ಆಗ ಊರು ಆಡುವ ಮಾತು ಬೇರೆ: ಬಸಿರಿನಾಗ ಬಂದ ಕ್ಯಾನ್ಸರ್, ಉಳಿಯಂಗಿಲ್ಲ. ಆ ಮಾತು ತಪ್ಪು. ಬಸಿರಿನಲ್ಲಿ ಕ್ಯಾನ್ಸರ್ ಬಂದ ತಾಯಂದಿರ ಜೀವಕ್ಕೆ ಎರವಾಗುವುದು ಹೆಚ್ಚಾಗಿ ನಾವು ಕಳೆಯುವ ತಿಂಗಳುಗಳು. ತಡವನ್ನು ತಪ್ಪಿಸುವುದು ನಮ್ಮ ಕೈಯಲ್ಲೇ ಇರುವುದರಿಂದ ಈ ವಿಷಯವನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯ ಎಂದು ನಂಬಿದ್ದೇನೆ.

ಇದು ಎಷ್ಟು ಅಪರೂಪ ಎಂಬುದನ್ನು ಮೊದಲು ನೋಡೋಣ. ಪಾಶ್ಚಾತ್ಯ ದೇಶಗಳಲ್ಲಿ ಸಾವಿರ ಬಸುರಿಯರಲ್ಲಿ ಸುಮಾರು ಒಬ್ಬರಿಗೆ ಬಸಿರಿನಲ್ಲಿ ಅಥವಾ ಹೆರಿಗೆಯಾದ ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾಗುತ್ತದೆ. ಅಲ್ಲಿ ಮೂವತ್ತು ದಾಟಿದ ಮೇಲೆ ತಾಯಿಯಾಗುವವರು ಹೆಚ್ಚು. ನಮ್ಮ ಕಡೆ ಇಪ್ಪತ್ತರ ಆಸುಪಾಸಿನಲ್ಲೇ ಮೊದಲ ಹೆರಿಗೆ ಆಗುವುದರಿಂದ ಪ್ರಮಾಣ ಇಲ್ಲಿ ಇನ್ನೂ ಕಡಿಮೆ ಇದ್ದೀತು. ಆದರೂ ಆ ಲೆಕ್ಕವನ್ನೇ ಹಿಡಿಯೋಣ. ಬಯಲು ಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. ಅಷ್ಟು ಜನರಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 500 ಹೆರಿಗೆ. ಹಾಗಾದರೆ ಒಂದು ಕೇಂದ್ರದ ಪಾಲಿಗೆ ಎರಡು ವರ್ಷಕ್ಕೆ ಇಂಥ ಒಬ್ಬಳು ತಾಯಿ. ವೈದ್ಯರು ಬಂದು, ವರ್ಗವಾಗಿ ಹೋಗುವುದರೊಳಗೆ ಒಂದೆರಡು ಸಲ ಎದುರಾಗಬಹುದಾದ ಕಾಯಿಲೆ. ನೂರಾರು ಬಸುರಿಯರನ್ನು ನೋಡುವ ಕಣ್ಣಿಗೆ ಆ ಒಬ್ಬಳು ಉಳಿದವರ ಹಾಗೆಯೇ ಕಾಣುತ್ತಾಳೆ.

ಕಾಯಿಲೆಯೂ ಬಸಿರಿನ ವೇಷದಲ್ಲೇ ಬರುತ್ತದೆ. ಬಸಿರಿನಲ್ಲಿ ಎದೆ ತುಂಬಿಕೊಳ್ಳುತ್ತದೆ, ಗಟ್ಟಿಯಾಗುತ್ತದೆ. ಅದರೊಳಗಿನ ಗಂಟು ಕೈಗೆ ಸಿಕ್ಕರೂ ಹಾಲಿನದೇ ಎನಿಸುತ್ತದೆ. ರಕ್ತದ ಕ್ಯಾನ್ಸರ್ ಬಂದವಳಿಗೆ ಸುಸ್ತು, ಬಿಳುಪು, ಉಬ್ಬಸ. ನಮ್ಮ ಜಿಲ್ಲೆಯ ಬಸುರಿಯರಲ್ಲಿ ರಕ್ತಹೀನತೆ ಮನೆಮನೆಯ ಮಾತಾಗಿರುವಾಗ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ಸಹಜ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ರಕ್ತ ಹೋಗುತ್ತದೆ, ವಾಸನೆಯ ಬಿಳಿ ಸೆರಗು ಹೋಗುತ್ತದೆ. ಬಸುರಿಗೆ ರಕ್ತ ಕಂಡರೆ ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬ ಆತಂಕವೇ ಮುಂದಾಗಿ, ಸ್ಕ್ಯಾನಿಂಗ್‌ನಲ್ಲಿ ಕೂಸಿನ ಎದೆಬಡಿತ ಕಂಡ ಕೂಡಲೇ ಎಲ್ಲರೂ ನಿರಾಳ. ಗರ್ಭಕೊರಳನ್ನು ಕಣ್ಣಿಟ್ಟು ನೋಡುವುದು ಅಲ್ಲಿಗೇ ತಪ್ಪಿಹೋಗುತ್ತದೆ.

ಇವುಗಳನ್ನು ಬೇರ್ಪಡಿಸುವ ಗುರುತುಗಳೇನೂ ಗುಟ್ಟಲ್ಲ. ಎರಡು ವಾರ ಕಳೆದರೂ ಕರಗದ ಗಂಟು. ಒಂದು ಮೊಲೆಯನ್ನು ಮಾತ್ರ ಕೂಸು ಕುಡಿಯಲು ಒಲ್ಲೆನ್ನುವುದು, ತೊಟ್ಟಿನಿಂದ ರಕ್ತ ಬರುವುದು, ಬಾವಿಗೆ ಔಷಧಿ ಮುಗಿಸಿದರೂ ಎದೆಯ ಕೆಂಪು ಇಳಿಯದಿರುವುದು. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತ, ಅದರ ಜೊತೆಗೆ ಜ್ವರ, ವಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೈಮೇಲೆ ಮೂಡುವ ನೀಲಿ ಕಲೆ. ಗಂಡ ಹೆಂಡತಿ ಕೂಡಿದ ಮೇಲೆ ಕಾಣುವ ರಕ್ತ. ಇವುಗಳಲ್ಲಿ ಒಂದು ಇದ್ದರೂ 'ಬಸಿರಿನಲ್ಲಿ ಹೀಗೇ' ಎನ್ನುವಂತಿಲ್ಲ. ಎದೆಯ ಸ್ಕ್ಯಾನಿಂಗ್ ಬಸಿರಿನಲ್ಲಿ ಸಂಪೂರ್ಣ ಸುರಕ್ಷಿತ. ಸೂಜಿಯಿಂದ ಗಂಟಿನ ಚೂರು ತೆಗೆದು ನೋಡುವುದರಿಂದ ಕೂಸಿಗೆ ತೊಂದರೆಯಿಲ್ಲ. 'ಸೂಜಿ ಚುಚ್ಚಿದ್ರ ಗಂಟು ಹಬ್ಬತದ' ಎಂಬ ಭಯಕ್ಕೂ ಆಧಾರವಿಲ್ಲ.

ಇನ್ನು ತಾಯಿ ಉಳಿಯುತ್ತಾಳೆಯೇ ಎಂಬ ಪ್ರಶ್ನೆ. ಬಸಿರು ಕ್ಯಾನ್ಸರಿಗೆ ಗೊಬ್ಬರ ಹಾಕಿದಂತೆ ಎಂಬ ನಂಬಿಕೆ ಊರಿನವರಿಗೆ ಮಾತ್ರ ಇದ್ದದ್ದಲ್ಲ, ದೊಡ್ಡ ವೈದ್ಯರಿಗೂ ಇತ್ತು. 1943ರಲ್ಲಿ ನ್ಯೂಯಾರ್ಕಿನ ಹಾಗೆನ್ಸನ್ ಮತ್ತು ಸ್ಟೌಟ್ ಎಂಬ ವೈದ್ಯರು ಬಸುರಿ, ಬಾಣಂತಿಯರ ಸ್ತನ ಕ್ಯಾನ್ಸರನ್ನು ಶಸ್ತ್ರಚಿಕಿತ್ಸೆಗೆ ಒಗ್ಗದ ಕಾಯಿಲೆಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಬಸುರಿ ಎಂಬ ಕಾರಣಕ್ಕೇ ಕತ್ತಿ ಮುಟ್ಟದೆ ಕಳಿಸಿದ ಕಾಲ ಅದು. ಆ ತೀರ್ಪು ಉಳಿಯಲಿಲ್ಲ. ಅಮೆರಿಕದ ಹ್ಯೂಸ್ಟನ್ ನಗರದ ವೈದ್ಯರು 24 ಬಸುರಿಯರಿಗೆ ನಾಲ್ಕನೆಯ ತಿಂಗಳಿನಿಂದ ಈಚೆಗೆ ಕೀಮೋಥೆರಪಿ ಕೊಟ್ಟು, ತಾಯಂದಿರೂ ಕೂಸುಗಳೂ ಅದನ್ನು ತಾಳಿಕೊಂಡ ವರದಿಯನ್ನು 1999ರಲ್ಲಿ ಪ್ರಕಟಿಸಿದರು. 2013ರಲ್ಲಿ ಬೆಲ್ಜಿಯಂನ ಡಾ. ಫ್ರೆಡರಿಕ್ ಅಮಾಂಟ್ ಮತ್ತು ಹಲವು ದೇಶಗಳ ಸಂಗಡಿಗರು ಬಸಿರಿನಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದ 311 ಮಂದಿಯನ್ನು, ಬಸುರಿಯರಲ್ಲದ 865 ರೋಗಿಗಳ ಜೊತೆ ತೂಗಿ ನೋಡಿದರು. ವಯಸ್ಸು, ಕಾಯಿಲೆಯ ಹಂತ, ಗಂಟಿನ ಗುಣ, ಚಿಕಿತ್ಸೆ ಎಲ್ಲವನ್ನೂ ಸರಿದೂಗಿಸಿದಾಗ ಐದು ವರ್ಷ ಕಳೆದ ಮೇಲೂ ಬದುಕಿರುವವರ ಪ್ರಮಾಣ ಬಸುರಿಯರಲ್ಲಿ ಶೇ 78, ಉಳಿದವರಲ್ಲಿ ಶೇ 81. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ಗಣನೆಗೆ ಬರುವ ವ್ಯತ್ಯಾಸವಲ್ಲ. ಬಸಿರೇ ಕೊಲ್ಲುತ್ತದೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸುತ್ತೇನೆ. ಹೆರಿಗೆಯಾದ ನಂತರದ ಕೆಲವು ವರ್ಷಗಳಲ್ಲಿ ಪತ್ತೆಯಾಗುವ ಸ್ತನ ಕ್ಯಾನ್ಸರ್ ಬಸಿರಿನಲ್ಲಿ ಪತ್ತೆಯಾದುದಕ್ಕಿಂತ ಹಟಮಾರಿ. ಹಾಲು ಬತ್ತಿ ಎದೆ ಮೊದಲಿನ ಸ್ಥಿತಿಗೆ ಮರಳುವಾಗ ಒಳಗೆ ನಡೆಯುವ ಬದಲಾವಣೆಗಳು ಕ್ಯಾನ್ಸರ್ ಕಣಗಳು ಹರಡುವುದಕ್ಕೆ ದಾರಿ ಮಾಡಿಕೊಡುತ್ತವೆ ಎಂದು ಸಂಶೋಧಕರು ವಿವರಿಸುತ್ತಾರೆ. ಬಸಿರಿನಲ್ಲಿ ಕಂಡ ಗಂಟನ್ನು ಬಾಣಂತನಕ್ಕೆ ತಳ್ಳುವುದು ಎಷ್ಟು ದುಬಾರಿ ಎಂಬುದು ಇದರಿಂದ ತಿಳಿಯಬೇಕು.

ಚಿಕಿತ್ಸೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅರ್ಧ ಭಯ ಇಳಿಯುತ್ತದೆ. ಮೊದಲ ಮೂರು ತಿಂಗಳು ಕೂಸಿನ ಹೃದಯ, ಮೆದುಳು, ಕೈಕಾಲು ರೂಪುಗೊಳ್ಳುವ ಕಾಲ. ಆಗ ಕೀಮೋಥೆರಪಿ ಕೊಟ್ಟರೆ ಅಂಗವೈಕಲ್ಯದ ಅಪಾಯವಿದೆ, ಹಾಗಾಗಿ ಕೊಡುವುದಿಲ್ಲ. ಎದೆಯ ಗಂಟು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಆಗಲೂ ಮಾಡಬಹುದು. ನಾಲ್ಕನೆಯ ತಿಂಗಳಿನಿಂದ ಹಲವು ಕೀಮೋ ಔಷಧಿಗಳನ್ನು ಕೊಡಬಹುದು. ಆ ಹೊತ್ತಿಗೆ ಕೂಸಿನ ಅಂಗಗಳು ಮೂಡಿರುತ್ತವೆ, ಮಾಸು ಔಷಧಿಯ ಒಂದು ಪಾಲನ್ನು ತಡೆದು ನಿಲ್ಲಿಸುತ್ತದೆ. 35ನೆಯ ವಾರದ ಹೊತ್ತಿಗೆ ಕೀಮೋ ನಿಲ್ಲಿಸಿ ಹೆರಿಗೆಗೆ ಮೊದಲು ಮೂರು ವಾರ ಬಿಡುವು ಕೊಡುತ್ತಾರೆ. ತಾಯಿ, ಕೂಸು ಇಬ್ಬರ ರಕ್ತಕಣಗಳೂ ಚೇತರಿಸಿಕೊಳ್ಳಲಿ, ಹೆರಿಗೆಯಲ್ಲಿ ರಕ್ತಸ್ರಾವವಾಗಲಿ ನಂಜಾಗಲಿ ಆಗದಿರಲಿ ಎಂಬುದು ಉದ್ದೇಶ. ವಿಕಿರಣ ಚಿಕಿತ್ಸೆ, ಹಾರ್ಮೋನ್ ಮಾತ್ರೆಗಳು, ಟ್ರಾಸ್ಟುಜುಮ್ಯಾಬ್‌ನಂಥ ಔಷಧಿಗಳು ಸಾಮಾನ್ಯವಾಗಿ ಹೆರಿಗೆಯಾದ ಮೇಲೆ. ಕೀಮೋ ನಡೆಯುವಾಗ ಕೂಸಿಗೆ ಎದೆಹಾಲು ಕೊಡುವಂತಿಲ್ಲ; ಇದನ್ನು ಮನೆಯ ಹಿರಿಯರು ಮೊದಲೇ ತಿಳಿದಿರಬೇಕು, ಇಲ್ಲವಾದರೆ ಬಾಣಂತಿ ನೂರು ಮಾತು ಕೇಳಬೇಕಾಗುತ್ತದೆ.

ಗರ್ಭದಲ್ಲಿದ್ದಾಗ ಇಷ್ಟೆಲ್ಲ ಔಷಧಿ ಸೋಂಕಿದ ಕೂಸು ಹೇಗೆ ಬೆಳೆಯುತ್ತದೆ? ಅಮಾಂಟ್ ಅವರ ತಂಡ 2015ರಲ್ಲಿ ಇಂಥ ತಾಯಂದಿರ 129 ಮಕ್ಕಳನ್ನು, ಆರೋಗ್ಯವಂತ ತಾಯಂದಿರ ಮಕ್ಕಳ ಜೊತೆ ಹೋಲಿಸಿತು. ಅವರಲ್ಲಿ 96 ಮಕ್ಕಳು ಗರ್ಭದಲ್ಲಿದ್ದಾಗ ತಾಯಿಗೆ ಕೀಮೋ ಸಿಕ್ಕಿತ್ತು. ಬುದ್ಧಿಯ ಬೆಳವಣಿಗೆಯಲ್ಲಾಗಲಿ ಹೃದಯದ ಕೆಲಸದಲ್ಲಾಗಲಿ ಕೊರತೆ ಕಾಣಲಿಲ್ಲ. ಮಕ್ಕಳ ಕಲಿಕೆಯ ಶಕ್ತಿಗೆ ಪೆಟ್ಟು ಕೊಟ್ಟದ್ದು ದಿನ ತುಂಬುವ ಮೊದಲೇ ಆದ ಹೆರಿಗೆ. ಕ್ಯಾನ್ಸರ್ ಎಂದ ಕೂಡಲೇ ಏಳು ತಿಂಗಳಿಗೇ ಕೂಸನ್ನು ತೆಗೆದುಬಿಡಿ ಎಂದು ಅವಸರ ಮಾಡುವ ಬಂಧುಗಳು ಇದನ್ನು ನೆನಪಿಡಬೇಕು. ತಾಯಿಯ ಕ್ಯಾನ್ಸರ್ ಕೂಸಿಗೆ ದಾಟುವುದಂತೂ ಅತಿ ವಿರಳ.

"ತಾಯಿ ಬೇಕೋ, ಕೂಸು ಬೇಕೋ" ಎಂಬ ಪ್ರಶ್ನೆ ನಮ್ಮ ನಾಟಕ, ಸಿನಿಮಾಗಳಿಂದ ಆಸ್ಪತ್ರೆಯ ವರಾಂಡದವರೆಗೆ ನಡೆದುಬಂದಿದೆ. ಸ್ತನ ಕ್ಯಾನ್ಸರಿನಲ್ಲಿ ಗರ್ಭ ತೆಗೆಸಿದ ಮಾತ್ರಕ್ಕೆ ತಾಯಿಯ ಆಯುಷ್ಯ ಹೆಚ್ಚುವುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಆದರೆ ನಿಜವಾಗಿಯೂ ಅದು ಎದುರಾಗುವ ಸಂದರ್ಭಗಳನ್ನು ಮುಚ್ಚಿಡಬಾರದು. ತೀವ್ರವಾದ ರಕ್ತದ ಕ್ಯಾನ್ಸರ್ ಮೊದಲ ಮೂರು ತಿಂಗಳಲ್ಲಿ ಕಂಡರೆ ವಾರಗಟ್ಟಲೆ ಕಾಯಲು ಅದು ಬಿಡುವುದಿಲ್ಲ. ಬೆಳೆದ ಗರ್ಭಕೊರಳ ಕ್ಯಾನ್ಸರ್ ಬಸಿರಿನ ಆರಂಭದಲ್ಲೇ ಗೊತ್ತಾದರೆ ಬೇಕಾದ ವಿಕಿರಣ ಚಿಕಿತ್ಸೆಯೂ ಬಸಿರೂ ಒಟ್ಟಿಗೆ ಸಾಗುವುದಿಲ್ಲ. ಅದೇ ಗರ್ಭಕೊರಳ ಕ್ಯಾನ್ಸರ್ ಸಣ್ಣದಿದ್ದು, ಐದಾರು ತಿಂಗಳು ತುಂಬಿದ ಮೇಲೆ ಗೊತ್ತಾದರೆ, ನಡುವೆ ಕೀಮೋ ಕೊಟ್ಟು, ಕೂಸಿನ ಶ್ವಾಸಕೋಶ ಬಲಿತ ಮೇಲೆ ಸಿಸೇರಿಯನ್ ಮಾಡಿ, ಜೊತೆಗೇ ಗರ್ಭಕೋಶದ ಶಸ್ತ್ರಚಿಕಿತ್ಸೆ ಮುಗಿಸುವ ದಾರಿಯಿದೆ. ಕಾಯಿಲೆಯ ಜಾತಿ, ಹಂತ, ಬಸಿರಿನ ವಾರ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ ತೀರ್ಮಾನಿಸುವ ಕೆಲಸ ಇದು.

ತೀರ್ಮಾನ ಯಾರದು ಎಂಬುದನ್ನು ಕಾನೂನು ಸ್ಪಷ್ಟವಾಗಿ ಹೇಳಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಗಂಡನದಾಗಲಿ ಮಾವನದಾಗಲಿ ಸಹಿ ಬೇಕಿಲ್ಲ. ತಾಯಿಯ ಜೀವ ಉಳಿಸಲು ಆ ಕ್ಷಣದಲ್ಲೇ ಅಗತ್ಯವಾದರೆ ವಾರಗಳ ಮಿತಿಯೂ ಅಡ್ಡ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಅವಳನ್ನು ಹೊರಗೆ ಕೂರಿಸಿ ಗಂಡಸರು ಒಳಗೆ ಹೋಗಿ ವೈದ್ಯರ ಜೊತೆ ಮಾತಾಡಿ ಬರುತ್ತಾರೆ. ಅವಳಿಗೆ ಕಾಯಿಲೆಯ ಹೆಸರನ್ನೂ ಹೇಳುವುದಿಲ್ಲ, ಎದೆ ಒಡೆದುಕೊಂಡಾಳು ಎಂಬ ಮಮತೆಯಿಂದಲೇ. ಆದರೆ ತನ್ನ ಮೈಯಲ್ಲಿ ಏನಾಗಿದೆ ಎಂದು ಗೊತ್ತಿಲ್ಲದವಳು ಮುಂದಿನ ಕೀಮೋಗೆ ಯಾಕೆ ಹೋಗಬೇಕೆಂದು ತಿಳಿಯದೆ ನಡುವೆ ಬಿಟ್ಟುಬಿಡುತ್ತಾಳೆ. ಅವಳಿಗೆ ಹೇಳುವುದೂ ಚಿಕಿತ್ಸೆಯ ಒಂದು ಭಾಗ.

ಬೇಗ ಪತ್ತೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ಬೆಲ್ಜಿಯಂವರೆಗೆ ಹೋಗಬೇಕಾಗಿಯೂ ಇಲ್ಲ. ಆಳಂದ ತಾಲ್ಲೂಕಿನ ಗಡಿ ದಾಟಿದರೆ ಉಮರ್ಗಾ. ಅದು ಇರುವುದು ಇಂದಿನ ಧಾರಾಶಿವ, ಮೊನ್ನೆಯವರೆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ. ನಮ್ಮಂಥದೇ ಕರಿ ಮಣ್ಣು, ಜೋಳ, ತೊಗರಿ. ಹೆಣ್ಣು ಕೊಟ್ಟು ತರುವ ನಂಟು. ಆ ಜಿಲ್ಲೆಯ ಪಕ್ಕದ ಬಾರ್ಶಿಯಲ್ಲಿ 1987ರಲ್ಲೇ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅಲ್ಲಿನ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ಗರ್ಭಕೊರಳ ಕ್ಯಾನ್ಸರಿನ ಗುರುತುಗಳನ್ನು ಹೇಳಿಕೊಟ್ಟರು. ಬರೀ ಆ ತಿಳಿವಳಿಕೆಯಿಂದಲೇ ಹೆಂಗಸರು ಬೇಗ ಆಸ್ಪತ್ರೆಗೆ ಬರತೊಡಗಿ, ಮೊದಲ ಹಂತದಲ್ಲೇ ಪತ್ತೆಯಾಗುವವರು ಹೆಚ್ಚಿದರು. ಮುಂದೆ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗಳ ಜೊತೆ ಡಾ. ಆರ್. ಶಂಕರನಾರಾಯಣನ್ ಅವರ ತಂಡ 1999ರಿಂದ ಉಸ್ಮಾನಾಬಾದ್ ಜಿಲ್ಲೆಯ 30ರಿಂದ 59 ವಯಸ್ಸಿನ 1,31,746 ಹೆಂಗಸರ ಅಧ್ಯಯನ ನಡೆಸಿತು. ಗರ್ಭಕೊರಳ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆಯನ್ನು ಒಂದು ಗುಂಪಿಗೆ ಒಂದೇ ಒಂದು ಸಲ ಮಾಡಲಾಯಿತು. 2009ರಲ್ಲಿ ಫಲಿತಾಂಶ ಬಂತು. ಪರೀಕ್ಷೆಯ ಗುಂಪಿನಲ್ಲಿ 127 ಮಂದಿಗೆ ಕ್ಯಾನ್ಸರ್ ಪತ್ತೆ. ಪರೀಕ್ಷೆ ಇಲ್ಲದ ಗುಂಪಿನಲ್ಲಿ 118. ಪತ್ತೆಯಾದವರ ಸಂಖ್ಯೆಯಲ್ಲಿ ಅಂಥ ಅಂತರವಿಲ್ಲ. ಆದರೆ ಬೆಳೆದ ಹಂತದಲ್ಲಿದ್ದವರು ಮೊದಲ ಗುಂಪಿನಲ್ಲಿ 39, ಎರಡನೆಯದರಲ್ಲಿ 82. ಸತ್ತವರು ಮೊದಲ ಗುಂಪಿನಲ್ಲಿ 34, ಎರಡನೆಯದರಲ್ಲಿ 64. ಅದೇ ನೆಲ, ಅದೇ ಕಾಯಿಲೆ. ಯಾವಾಗ ಗೊತ್ತಾಯಿತು ಎಂಬುದರ ಮೇಲೆ ಮೂವತ್ತು ಜೀವಗಳ ವ್ಯತ್ಯಾಸ.

ಆ ಅಧ್ಯಯನದ ಹಾಗೆಯೇ ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆಯೂ ಶುರುವಾಗುವುದು 30 ತುಂಬಿದವರಿಂದ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಅಷ್ಟು ಹೊತ್ತಿಗೆ ಎರಡು ಮೂರು ಹೆರಿಗೆ ಮುಗಿಸಿ, ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡು, ಆಸ್ಪತ್ರೆಯ ನಂಟನ್ನೇ ಕಡಿದುಕೊಂಡಿರುತ್ತಾರೆ. ತನ್ನ ಮೈಯನ್ನು ಇನ್ನೊಬ್ಬರು ಪರೀಕ್ಷಿಸಲು ಅವಳು ಒಪ್ಪುವ, ಮನೆಯವರೂ ಕಳಿಸಿಕೊಡುವ ಕಾಲ ಬಸಿರು. ತಾಯಿ ಕಾರ್ಡ್ ಮಾಡಿಸಲು ಬಂದವಳ ತೂಕ, ಬಿಪಿ, ರಕ್ತ, ಸಕ್ಕರೆ ಎಲ್ಲವನ್ನೂ ನೋಡುತ್ತೇವೆ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ವೈದ್ಯರೇ ಬಸುರಿಯರನ್ನು ನೋಡುತ್ತಾರೆ. ಅದೇ ಭೇಟಿಯಲ್ಲಿ ಎರಡೂ ಎದೆಯನ್ನು ಮುಟ್ಟಿ ಪರೀಕ್ಷಿಸುವುದಕ್ಕೆ, ಒಮ್ಮೆ ಗರ್ಭಕೊರಳನ್ನು ನೋಡುವುದಕ್ಕೆ ಹೊಸ ಯಂತ್ರ ಬೇಡ. ಪರದೆ ಬೇಕು, ಹೆಣ್ಣು ಸಿಬ್ಬಂದಿ ಬೇಕು, ಹತ್ತು ನಿಮಿಷದ ವ್ಯವಧಾನ ಬೇಕು. ಮೊದಲ ತಿಂಗಳುಗಳಲ್ಲೇ ಈ ಪರೀಕ್ಷೆ ಆದರೆ ಎದೆ ತುಂಬಿಕೊಳ್ಳುವ ಮೊದಲಿನ ಸ್ಥಿತಿ ದಾಖಲೆಯಾಗುತ್ತದೆ. ಮುಂದೆ ಗಂಟು ಕಂಡರೆ ಹೊಸದೋ ಹಳೆಯದೋ ಎಂದು ಹೋಲಿಸಲು ಆಧಾರ ಸಿಗುತ್ತದೆ.

ನಾವು ಈ ತಾಯಂದಿರನ್ನು ಎಣಿಸದಿರುವುದೂ ನನ್ನನ್ನು ಕಾಡುತ್ತದೆ. ತಾಯಿ ಮರಣ ಎಂದು ಜಗತ್ತೆಲ್ಲ ಲೆಕ್ಕ ಹಿಡಿಯುವುದು ಬಸಿರಿನಲ್ಲಿ ಅಥವಾ ಬಸಿರು ಮುಗಿದ 42 ದಿನದೊಳಗೆ, ಬಸಿರಿಗೆ ಸಂಬಂಧಿಸಿದ ಕಾರಣದಿಂದ ಆದ ಸಾವನ್ನು. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ ಆ ಸಂಖ್ಯೆ 2018–20ರ ಅವಧಿಯಲ್ಲಿ 69ಕ್ಕೆ ಇಳಿದಿತ್ತು. ಆಗ ದೇಶದ ಸರಾಸರಿ 97. ರಕ್ತಸ್ರಾವ, ನಂಜು, ಏರಿದ ಬಿಪಿಗಳ ವಿರುದ್ಧ ಶ್ರಮಿಸಿದ ಆಶಾ, ನರ್ಸು, ವೈದ್ಯರೆಲ್ಲರ ಗೆಲುವು ಅದು. ಆದರೆ ಬಸಿರಿನಲ್ಲಿ ಕಂಡ ಗಂಟನ್ನು ಬಿಟ್ಟವಳು 42 ದಿನದಲ್ಲಿ ಸಾಯುವುದಿಲ್ಲ. ಕೂಸು ಅಂಬೆಗಾಲಿಡುವಾಗ, ಇಲ್ಲವೇ ಅಂಗನವಾಡಿಗೆ ಹೋಗುವಾಗ ಸಾಯುತ್ತಾಳೆ. ನಮ್ಮ ಬಾಣಂತನದ ನಲವತ್ತು ದಿನದ ಹಾಗೆಯೇ ಸರ್ಕಾರಿ ಲೆಕ್ಕದ ಪುಸ್ತಕವೂ ಅಷ್ಟು ಹೊತ್ತಿಗೆ ಮುಚ್ಚಿರುತ್ತದೆ. ಆ 42 ದಿನದೊಳಗೆ ಸತ್ತರೂ ಕ್ಯಾನ್ಸರನ್ನು ಬಹುತೇಕ 'ಬಸಿರಿಗೆ ಸಂಬಂಧಿಸದ ಕಾರಣ' ಎಂದು ಬದಿಗಿಡಲಾಗುತ್ತದೆ. ಬ್ರಿಟನ್ನಿನಲ್ಲಿ ಹೆರಿಗೆಯ ನಂತರ ಒಂದು ವರ್ಷದವರೆಗಿನ ಸಾವುಗಳನ್ನೂ ತನಿಖೆ ಮಾಡಿ, ಕ್ಯಾನ್ಸರಿನಿಂದ ತೀರಿಕೊಂಡ ತಾಯಂದಿರಿಂದಲೂ ಪಾಠ ಕಲಿಯುತ್ತಾರೆ. ನಮ್ಮ ಜಿಲ್ಲಾ ಮಟ್ಟದ ತಾಯಿ ಮರಣ ಪರಿಶೀಲನೆಯೂ ವರ್ಷದವರೆಗೆ ಕಣ್ಣು ಹಾಯಿಸಬೇಕೆಂದು ಒತ್ತಾಯಿಸುತ್ತೇನೆ.

ಎಲ್ಲಿಗೆ ಹೋಗಬೇಕು, ದುಡ್ಡು ಎಲ್ಲಿಂದ? ಆಳಂದದಿಂದ ಕಲಬುರಗಿ ಸುಮಾರು 40 ಕಿಲೋಮೀಟರ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಅಲ್ಲಿದೆ. ಜಿಮ್ಸ್ ಮತ್ತು ಇಎಸ್‌ಐಸಿ ವೈದ್ಯಕೀಯ ಕಾಲೇಜುಗಳೂ ಅಲ್ಲಿವೆ. ಕ್ಯಾನ್ಸರ್ ವೈದ್ಯರು, ಹೆರಿಗೆ ವೈದ್ಯರು, ಮಕ್ಕಳ ವೈದ್ಯರು ಒಂದೇ ಮೇಜಿನ ಸುತ್ತ ಕೂತು ಒಬ್ಬ ತಾಯಿಯ ಬಗ್ಗೆ ಮಾತಾಡುವ ವ್ಯವಸ್ಥೆ ಆಗಬೇಕು. ಇಂದು ಆ ಮೂವರ ನಡುವೆ ಫೈಲು ಹಿಡಿದು ಓಡಾಡುವವಳು ಬಸುರಿಯೇ. ಖರ್ಚಿನ ಭಯಕ್ಕೆ ಉತ್ತರವನ್ನು ನಮ್ಮ ಸೀಮೆಯೇ ದೇಶಕ್ಕೆ ಕೊಟ್ಟಿದೆ. 2010ರ ಫೆಬ್ರುವರಿಯಲ್ಲಿ ಬಡ ಕುಟುಂಬಗಳಿಗೆ ಕ್ಯಾನ್ಸರ್, ಹೃದಯರೋಗದಂಥ ದೊಡ್ಡ ಕಾಯಿಲೆಗಳ ಉಚಿತ ಚಿಕಿತ್ಸೆ ನೀಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದು ಅಂದಿನ ಗುಲಬರ್ಗಾ ವಿಭಾಗದಲ್ಲಿ. ಯೋಜನೆ ಸಿಕ್ಕ ಹಳ್ಳಿಗಳನ್ನೂ ಇನ್ನೂ ಸಿಗದ ನೆರೆಯ ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡವರಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಸಿಗದ ಹಳ್ಳಿಗಳ ಶೇ 0.90ರ ಎದುರು ಸಿಕ್ಕ ಹಳ್ಳಿಗಳಲ್ಲಿ ಶೇ 0.32ರಷ್ಟಿತ್ತು. ಇಂದು ಆ ಜಾಗದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ತವರು ಅಕ್ಕಲಕೋಟೆಯಲ್ಲೋ ಉಮರ್ಗಾದಲ್ಲೋ ಇದ್ದು ಹೆರಿಗೆಗೆ ಗಡಿ ದಾಟುವವರು ತಾಯಿ ಕಾರ್ಡ್, ರೇಷನ್ ಕಾರ್ಡ್, ಹಳೆಯ ವರದಿಗಳನ್ನೆಲ್ಲ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಲಿ. ಕಲಬುರಗಿಯಲ್ಲಿ ಶುರುವಾದ ತನಿಖೆ ಸೊಲ್ಲಾಪುರದಲ್ಲಿ ಮೊದಲಿನಿಂದ ಆರಂಭವಾದರೆ ಕಳೆದುಹೋಗುವುದು ಮತ್ತೆ ಅವೇ ವಾರಗಳು.

ಕೊನೆಯದಾಗಿ ಒಂದು ವಿನಂತಿ, ನಮ್ಮ ಆಶಾ ಕಾರ್ಯಕರ್ತೆಯರಿಗೆ. ಹೆರಿಗೆಯಾಗಿ ಮನೆಗೆ ಬಂದ ಕೂಸನ್ನು ನೋಡಲು ನೀವು 3, 7, 14, 21, 28 ಮತ್ತು 42ನೆಯ ದಿನ ಆ ಮನೆಯ ಮೆಟ್ಟಿಲು ಹತ್ತುತ್ತೀರಿ. ಕೂಸಿನ ತೂಕ ನೋಡುತ್ತೀರಿ, ಹೊಕ್ಕುಳ ನೋಡುತ್ತೀರಿ, ಮೈ ಬೆಚ್ಚಗಿದೆಯೇ ಎಂದು ಮುಟ್ಟುತ್ತೀರಿ. ಅತ್ತೆ, ಅವ್ವ ಆಚೆ ಹೋದ ಒಂದು ಗಳಿಗೆಯಲ್ಲಿ ಬಾಣಂತಿಯನ್ನೂ ಕೇಳಿ: "ತಂಗಿ, ಎದ್ಯಾಗ ಗಂಟು ಗಿಂಟು ಏನರೆ ಕೈಗೆ ಹತ್ತತದೇನವಾ?" 14ನೆಯ ದಿನ 'ಹೌದಕ್ಕಾ' ಅಂದವಳನ್ನು 28ನೆಯ ದಿನ ಮತ್ತೆ ಕೇಳಿ. ಹಾಲಿನ ಗಂಟಾಗಿದ್ದರೆ ಅಷ್ಟರಲ್ಲಿ ಕರಗಿರುತ್ತದೆ. ಕರಗಿಲ್ಲವೆಂದರೆ ಎರಡು ವಾರ ತುಂಬಿತು. ಮರುದಿನದ ಬಸ್ಸಿಗೆ ಅವಳನ್ನು ಕಲಬುರಗಿಗೆ ಹೊರಡಿಸಿ.